ಕಲ್ಲಿಗೆ ಓರೆಬೆಳಕು

ಶಾಸನವೆಂದರೆ ಕಲ್ಲಿನ ಮೇಲಿನ ಬರಹ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಕಣ್ಣಿನ ಮಟ್ಟಿಗೆ ಆ ಮಾತು ಪೂರ್ತಿ ನಿಜವಲ್ಲ. ಕಾಗದದ ಮೇಲಿನ ಅಕ್ಷರಕ್ಕೆ ಮಸಿಯ ಬಣ್ಣವಿದೆ. ತಾಳೆಗರಿಯ ಅಕ್ಷರಕ್ಕೆ ತೊಡೆದ ಕಾಡಿಗೆಯ ಕಪ್ಪುಂಟು. ಕಲ್ಲಿನ ಅಕ್ಷರಕ್ಕೆ ತನ್ನದೆಂಬ ಬಣ್ಣವಿಲ್ಲ. ಅಕ್ಷರ ಯಾವ ಬಣ್ಣವೋ ಅದರ ಸುತ್ತಲ ಬಯಲೂ ಅದೇ ಬಣ್ಣ. ನಾವು ಓದುವುದು ಉಳಿಯ ತಗ್ಗಿನಲ್ಲಿ ನಿಂತ ನೆರಳನ್ನು. ನೆರಳು ಹೋಯಿತೆಂದರೆ ಅಕ್ಷರವಿದ್ದೂ ಇಲ್ಲದಂತೆ. ಈ ಹೊತ್ತು ನಾನು ಹೇಳಹೊರಟಿರುವುದು ಆ ನೆರಳನ್ನು ಕರೆತರುವ ಒಂದು ಸಣ್ಣ ಉಪಕರಣದ ವಿಷಯ. ಛಾಯಾಗ್ರಾಹಕರು ಅದನ್ನು ಸ್ಲೇವ್ ಫ್ಲ್ಯಾಷ್ ಎನ್ನುತ್ತಾರೆ. ಅಂಗೈಯಲ್ಲಿ ಹಿಡಿಸುವ ಈ ವಸ್ತುವಿಗೂ ನಮ್ಮ ವೀರಗಲ್ಲುಗಳಿಗೂ ಏನು ನಂಟು ಎಂದು ಕೇಳುಗರು ಹುಬ್ಬೇರಿಸಬಹುದು. ನಂಟು ಇದೆ, ಮಲೆನಾಡಿನಲ್ಲಂತೂ ಬಹಳ ಹತ್ತಿರದ ನಂಟು.

ಬಯಲುಸೀಮೆಯಲ್ಲಿ ಶಾಸನದ ಚಿತ್ರ ತೆಗೆಯುವವನಿಗೆ ಸೂರ್ಯನೇ ಸಹಾಯಕ. ಚಿತ್ರದುರ್ಗದ ಕಡೆಯ ಬೋಳು ಮೈದಾನದಲ್ಲಿ ಕಲ್ಲೊಂದು ನಿಂತಿದ್ದರೆ, ಅದು ಮುಖ ಮಾಡಿದ ದಿಕ್ಕನ್ನು ನೋಡಿಕೊಂಡು ಹೊತ್ತು ಕಾದರಾಯಿತು. ದಿನದಲ್ಲಿ ಒಂದಲ್ಲ ಒಂದು ಗಳಿಗೆಯಲ್ಲಿ ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುತ್ತದೆ. ಆಗ ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಸಕಲೇಶಪುರ, ಆಲೂರುಗಳ ಗುಡ್ಡಸೀಮೆಯಲ್ಲಿ ಈ ಉಪಾಯ ನಡೆಯದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಕಲೇಶಪುರವನ್ನು ದಾಟಿ ಮಾರನಹಳ್ಳಿಗೆ ಬಂದರೆ ಅಲ್ಲಿಂದ ಮುಂದೆ ಶಿರಾಡಿ ಘಾಟಿಯ ಇಳಿಜಾರು. ಇಕ್ಕೆಲದಲ್ಲಿಯೂ ಕಾಫಿ ತೋಟ. ಕಾಫಿಯ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ. ಇಷ್ಟೆಲ್ಲವನ್ನು ಸೋಸಿಕೊಂಡು ನೆಲಕ್ಕಿಳಿಯುವ ಬಿಸಿಲು ನಾಣ್ಯದಂಥ ಚುಕ್ಕೆಗಳಾಗಿ ಚೆದುರಿ ಬೀಳುತ್ತದೆ. ಬೆಳಗಿನ ಹೊತ್ತು ಮಂಜು, ಮಧ್ಯಾಹ್ನ ನೆತ್ತಿಯ ಬೆಳಕು, ಸಂಜೆ ಗುಡ್ಡದ ಮರೆ. ಮಳೆಗಾಲದ ತಿಂಗಳುಗಳಲ್ಲಿ ಸೂರ್ಯನ ಮಾತೇ ಬೇಡ. ಎಲ್ಲ ಕಡೆಯಿಂದಲೂ ಸಮನಾಗಿ ಬರುವ ಈ ಮಬ್ಬು ಬೆಳಕು ಕಣ್ಣಿಗೆ ತಂಪು. ಶಾಸನಕ್ಕೆ ಮಾತ್ರ ಶತ್ರು. ಎಲ್ಲ ದಿಕ್ಕಿನಿಂದ ಬೆಳಕು ಬಂದಾಗ ನೆರಳಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಈ ಸೀಮೆಯ ಕಲ್ಲುಗಳನ್ನು ವಿದ್ವಾಂಸರು ನೋಡಿಲ್ಲವೆಂದಲ್ಲ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಅಂದು ಮಂಜರಾಬಾದ್ ತಾಲೂಕು ಎನಿಸಿದ್ದ ಇಂದಿನ ಸಕಲೇಶಪುರ ಸೀಮೆಯ ಕಲ್ಲುಗಳೂ ಅದರಲ್ಲಿವೆ. ಕನ್ನಡದ ಬಹು ಪ್ರಾಚೀನ ಶಾಸನಗಳಲ್ಲಿ ಒಂದೆಂದು ನಾವು ಹೆಮ್ಮೆಪಡುವ ಹಲ್ಮಿಡಿಯ 16 ಸಾಲುಗಳು ಇದೇ ಜಿಲ್ಲೆಯ ಬೇಲೂರು ತಾಲೂಕಿನವು, ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಬೆಳಕಿಗೆ ತರುವುದು ಎಂಬ ನುಡಿಗಟ್ಟನ್ನು ನಾವು ಲಕ್ಷ್ಯವಿಲ್ಲದೆ ಬಳಸುತ್ತೇವೆ. ಶಾಸನದ ಮಟ್ಟಿಗೆ ಅದು ಅಕ್ಷರಶಃ ನಿಜ.

ನಮ್ಮ ಶಾಸನಾಧ್ಯಯನಕ್ಕೂ ಛಾಯಾಚಿತ್ರಕ್ಕೂ ಇರುವ ಸಂಬಂಧ ಹೊಸತಲ್ಲ. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ ಮೈಸೂರು ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಆ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸವೇ ರೈಸ್ ಅವರನ್ನು ಶಾಸನಗಳ ದಾರಿಗೆ ತಂದಿತು. 1879ರಲ್ಲಿ ಅವರ ಮೈಸೂರು ಶಾಸನಗಳ ಪುಸ್ತಕ ಹೊರಬಂತು. ಅದೇ 1865ರಲ್ಲಿ ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗಿನ ಕತ್ತಲಲ್ಲಿ ಪಿಯಾಟ್ಸಿ ಸ್ಮಿತ್ ಎಂಬ ಖಗೋಳ ವಿಜ್ಞಾನಿ ಮೆಗ್ನೀಸಿಯಮ್ ಲೋಹವನ್ನು ಉರಿಸಿ, ಆ ಬೆಳಕಿನಲ್ಲಿ ಚಿತ್ರ ತೆಗೆದನು. ಹಗಲಿನ ಹಂಗಿಲ್ಲದೆ ಕಲ್ಲನ್ನು ನೋಡುವ ಮನುಷ್ಯನ ಹಂಬಲ ಅಷ್ಟು ಹಳೆಯದು. ಮೆಗ್ನೀಸಿಯಮ್ ಹೋಗಿ ಒಮ್ಮೆ ಉರಿದು ಮುಗಿಯುವ ಬಲ್ಬು ಬಂತು. ಬಳಿಕ, 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಅವರ ಪ್ರಯೋಗಗಳಿಂದ, ಮತ್ತೆ ಮತ್ತೆ ಮಿಂಚಬಲ್ಲ ವಿದ್ಯುತ್ ಫ್ಲ್ಯಾಷ್ ರೂಪುಗೊಂಡಿತು. ಕ್ಸೆನಾನ್ ಅನಿಲ ತುಂಬಿದ ಒಂದು ಗಾಜಿನ ಕೊಳವೆ, ವಿದ್ಯುತ್ತನ್ನು ಕೂಡಿಟ್ಟುಕೊಂಡು ಒಮ್ಮೆಗೇ ಸುರಿಯುವ ಒಂದು ಕೆಪಾಸಿಟರ್. ಇಂದಿನ ಫ್ಲ್ಯಾಷಿನ ತಿರುಳು ಇಷ್ಟೆ.

ಡಿಜಿಟಲ್ ಕ್ಯಾಮರಾಗಳಲ್ಲಿ ಹಲವಕ್ಕೆ ಮೈಯಲ್ಲೇ ಒಂದು ಪುಟ್ಟ ಫ್ಲ್ಯಾಷ್ ಇರುತ್ತದೆ. ಹಾಗಿದ್ದ ಮೇಲೆ ಇನ್ನೊಂದು ಏಕೆ ಎಂಬ ಪ್ರಶ್ನೆ ಸಹಜ. ಮೈಯಲ್ಲಿರುವ ಫ್ಲ್ಯಾಷ್ ಮಸೂರದ ಪಕ್ಕದಲ್ಲೇ ಕೂತಿದೆ. ಅದು ನೋಟದ ದಾರಿಯಲ್ಲೇ ಬೆಳಕನ್ನು ಎಸೆಯುತ್ತದೆ. ಬಿದ್ದ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ, ಕ್ಯಾಮರಾಕ್ಕೆ ಕಾಣುವುದಿಲ್ಲ. ಮುಖದ ಚಿತ್ರ ಚಪ್ಪಟೆಯಾಗುವುದೂ ಇದರಿಂದಲೇ. ಶಾಸನದ ಚಿತ್ರವಂತೂ ಬರಿಯ ಬಿಳುಚಿದ ಬಂಡೆ.

ಬೆಳಕನ್ನು ಕಣ್ಣಿನಿಂದ ದೂರ ಸರಿಸಿ ಓರೆಯಾಗಿ ಬಿಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ಲೆಕ್ಕದಿಂದಲೇ ಹೇಳಬಹುದು. 2 ಮಿಲಿಮೀಟರ್ ಆಳದ ಅಕ್ಷರವೊಂದಿದೆ ಎನ್ನೋಣ. ಕಲ್ಲಿನ ಮೈಗೆ 45 ಡಿಗ್ರಿ ಕೋನದಲ್ಲಿ ಬೆಳಕು ಬಿದ್ದರೆ ತಗ್ಗಿನ ಅಂಚು ಚಾಚುವ ನೆರಳು 2 ಮಿಲಿಮೀಟರ್. ಅದೇ ಬೆಳಕನ್ನು 10 ಡಿಗ್ರಿಗೆ ಇಳಿಸಿದರೆ ಆ ಅಂಚು 11 ಮಿಲಿಮೀಟರಿನವರೆಗೆ ನೆರಳು ಚಾಚಬಲ್ಲದು. ತಗ್ಗೆಲ್ಲ ಕಪ್ಪಾಗಿ ತುಂಬಿಕೊಳ್ಳುತ್ತದೆ. ಶತಮಾನಗಳ ಮಳೆಗೆ ಸವೆದು ಅರ್ಧ ಮಿಲಿಮೀಟರ್ ಮಾತ್ರ ಉಳಿದ ಗೆರೆಗೂ ಆಗ ಸುಮಾರು 3 ಮಿಲಿಮೀಟರ್ ನೆರಳು ದೊರೆಯುತ್ತದೆ. ಕೈಬೆರಳಿಗೆ ಕೂಡ ಹತ್ತದ ಗೆರೆ ಕಣ್ಣಿಗೆ ಹತ್ತುವುದು ಹೀಗೆ.

ಹಾಗಾದರೆ ದೂರದಲ್ಲಿಟ್ಟ ಬೆಳಕು ಕ್ಯಾಮರಾದ ಕಣ್ಣು ತೆರೆದ ಕ್ಷಣಕ್ಕೇ ಮಿಂಚುವುದು ಹೇಗೆ? ತಂತಿ ಎಳೆಯಬಹುದು, ಕಾಫಿ ಗಿಡಗಳ ನಡುವೆ ಅದು ತೊಡಕು. ರೇಡಿಯೋ ಅಲೆಯಿಂದ ಕೆಲಸ ಮಾಡುವ ಸಾಧನಗಳು ಈಗ ಬಂದಿವೆ. ಆದರೆ ಫ್ಲ್ಯಾಷ್ ಕೂರಿಸುವ ಗಾಡಿಯೇ ಇಲ್ಲದ ಪುಟ್ಟ ಕ್ಯಾಮರಾಕ್ಕೆ ಅವನ್ನು ಜೋಡಿಸುವ ಅನುಕೂಲವಿರುವುದಿಲ್ಲ. ಸ್ಲೇವ್ ಫ್ಲ್ಯಾಷಿಗೆ ಇದಾವುದೂ ಬೇಡ. ಅದಕ್ಕೊಂದು ಬೆಳಕಿನ ಕಣ್ಣಿದೆ. ಕ್ಯಾಮರಾದ ಫ್ಲ್ಯಾಷ್ ಮಿಂಚಿದುದನ್ನು ಅದು ಕಂಡೊಡನೆ, ನಮ್ಮ ಎಣಿಕೆಗೆ ಸಿಗದಷ್ಟು ಬೇಗ, ತಾನೂ ಮಿಂಚುತ್ತದೆ. ಒಡೆಯ ಕಣ್ಸನ್ನೆ ಮಾಡಿದ. ಆಳು ಕೆಲಸ ಮುಗಿಸಿದ.

ಸ್ಲೇವ್ ಎಂದರೆ ಗುಲಾಮ. ಆ ಹೆಸರು ಕಿವಿಗೆ ಹಿತವಲ್ಲ. ಈಚೆಗೆ ಕೆಲವು ತಯಾರಕರು ಅದನ್ನು ಕೈಬಿಟ್ಟಿದ್ದಾರೆ. ನಾನು ಅದನ್ನು ಆಳುಬೆಳಕು ಎಂದು ಕರೆಯುತ್ತೇನೆ. ಕನ್ನಡದ ಆಳು ಎಂಬ ಶಬ್ದದಲ್ಲಿ ದುಡಿಯುವವನೂ ಇದ್ದಾನೆ, ಕಾದುವವನೂ ಇದ್ದಾನೆ. ಕ್ರಿಯಾಪದವಾದಾಗ ಅದೇ ಶಬ್ದ ದೊರೆತನವನ್ನೂ ಹೇಳುತ್ತದೆ. ನಮ್ಮ ವೀರಗಲ್ಲುಗಳಲ್ಲಿ ನಿಂತವರು ಬಹುಮಟ್ಟಿಗೆ ಆಳುಗಳೇ ಅಲ್ಲವೆ? ಉಂಡ ಅನ್ನದ ಋಣ ತೀರಿಸುವ ಜೋಳವಾಳಿ, ಒಡೆಯನ ವೇಳೆಗೆ ತನ್ನ ಪ್ರಾಣವನ್ನೂ ಒಪ್ಪಿಸುವ ವೇಳೆವಾಳಿ, ಇವು ಆ ಕಲ್ಲುಗಳ ಮೌಲ್ಯಗಳು. ಇಮ್ಮಡಿ ಬಲ್ಲಾಳನೊಡನೆ ಪ್ರಾಣ ನೀಗಿದ ಕುವರ ಲಕ್ಷ್ಮನ ಕಂಬವನ್ನು ಹಳೇಬೀಡಿನಲ್ಲಿ ಇಂದಿಗೂ ನೋಡಬಹುದು. ಅವನು ದಂಡನಾಯಕ, ಹಳೇಬೀಡು ರಾಜಧಾನಿ. ಅವನ ಹೆಸರನ್ನು ನೆನೆಯುವವರಿದ್ದಾರೆ. ತುರು ಕಾಯುತ್ತ, ಊರಗಡಿ ಕಾಯುತ್ತ ಬಿದ್ದ ಆಳಿಗೆ ಇರುವುದು ತೋಟದ ಮೂಲೆಯ ಒಂದು ಕಲ್ಲು, ಅದರ ಪಟ್ಟಿಕೆಯ ಮೇಲೆ ಎರಡು ಸಾಲು. ಆ ಎರಡು ಸಾಲು ಮಸುಳಿದರೆ ಅವನು ಎರಡನೆಯ ಸಲ ಸತ್ತಂತೆ.

ಈಗ ಡಿಜಿಟಲ್ ಕ್ಯಾಮರಾದವರು ಎದುರಿಸುವ ಒಂದು ಒಗಟನ್ನು ಬಿಡಿಸಬೇಕು. ಆಳುಬೆಳಕನ್ನು ಕಲ್ಲಿನ ಪಕ್ಕಕ್ಕಿಟ್ಟು ಗುಂಡಿ ಒತ್ತುತ್ತೇವೆ. ಅದು ಮಿಂಚಿದ್ದು ಕಣ್ಣಾರೆ ಕಾಣುತ್ತದೆ. ಚಿತ್ರದಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಉಪಕರಣ ಕೆಟ್ಟಿತೆಂದು ಅದನ್ನು ಮೂಲೆಗೆ ಹಾಕಿದವರುಂಟು. ಕೆಟ್ಟಿರುವುದಿಲ್ಲ. ಹಳೆಯ ಫಿಲ್ಮ್ ಕ್ಯಾಮರಾದ ಪುಟ್ಟ ಫ್ಲ್ಯಾಷ್ ಸಾಮಾನ್ಯವಾಗಿ ಒಮ್ಮೆ ಮಾತ್ರ ಮಿಂಚುತ್ತಿತ್ತು. ಡಿಜಿಟಲ್ ಕ್ಯಾಮರಾ ಬಹುಮಟ್ಟಿಗೆ ಎರಡು ಸಲ ಮಿಂಚುತ್ತದೆ. ಮೊದಲನೆಯದು ಎದುರಿನ ವಸ್ತುವಿನಿಂದ ಎಷ್ಟು ಬೆಳಕು ಮರಳುತ್ತದೆಂದು ಅಳೆಯುವ ಮುನ್ಮಿಂಚು, ಎರಡನೆಯದು ಚಿತ್ರಕ್ಕೆ. ಎರಡರ ನಡುವಣ ಅಂತರ ಸೆಕೆಂಡಿನ ಅಲ್ಪ ಭಾಗವಾದುದರಿಂದ ನಮ್ಮ ಕಣ್ಣಿಗೆ ಎರಡೂ ಸೇರಿ ಒಂದೇ. ನಿಷ್ಠೆಯ ಆಳು ಮುನ್ಮಿಂಚನ್ನೇ ಅಪ್ಪಣೆಯೆಂದು ತಿಳಿದು ತನ್ನಲ್ಲಿದ್ದುದನ್ನೆಲ್ಲ ಸುರಿದುಬಿಡುತ್ತದೆ. ಮತ್ತೆ ತುಂಬಿಕೊಳ್ಳಲು ಅದಕ್ಕೆ ಕೆಲವು ಸೆಕೆಂಡು ಬೇಕು. ನಿಜವಾದ ಕರೆ ಬಂದಾಗ ಅದರ ಕೈ ಬರಿದು.

ಪರಿಹಾರ ಎರಡು ಬಗೆ. ಕ್ಯಾಮರಾದಲ್ಲಿ ಫ್ಲ್ಯಾಷಿನ ಬಲವನ್ನು ನಾವೇ ಗೊತ್ತುಮಾಡುವ ಮ್ಯಾನ್ಯುಯಲ್ ವ್ಯವಸ್ಥೆ ಇದ್ದರೆ ಅದನ್ನು ಆರಿಸಬೇಕು. ಅಳೆಯುವ ಕೆಲಸವಿಲ್ಲವಾದ್ದರಿಂದ ಮುನ್ಮಿಂಚೂ ಇರುವುದಿಲ್ಲ. ಕಣ್ಣು ಕೆಂಪಗೆ ಕಾಣದಂತೆ ಮಾಡುವ ಏರ್ಪಾಟನ್ನೂ ಮರೆಯದೆ ನಿಲ್ಲಿಸಬೇಕು. ಅದು ಮತ್ತಷ್ಟು ಮಿಂಚುಗಳನ್ನು ಮುಂದಾಗಿ ಕಳಿಸುತ್ತದೆ. ಕ್ಯಾಮರಾದಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಮುನ್ಮಿಂಚನ್ನು ಲೆಕ್ಕಕ್ಕೆ ಹಿಡಿಯದ ಆಳುಬೆಳಕನ್ನು ಕೊಳ್ಳಬೇಕು. ಅನೇಕ ಫ್ಲ್ಯಾಷುಗಳ ಮೇಲೆ ಎಸ್-1, ಎಸ್-2 ಎಂಬ ಗುರುತುಗಳಿರುತ್ತವೆ. ಸಾಮಾನ್ಯವಾಗಿ ಮೊದಲನೆಯದು ಮೊದಲ ಮಿಂಚಿಗೇ ಓಗೊಡುವುದು. ಎರಡನೆಯದು ಒಂದನ್ನು ಬಿಟ್ಟು ಮುಂದಿನದಕ್ಕೆ ಓಗೊಡುವುದು. ಹಳೆಯ ಫಿಲ್ಮ್ ಕಾಲದ ಫ್ಲ್ಯಾಷ್ ಮನೆಯಲ್ಲಿದ್ದರೆ ಅದಕ್ಕೂ ಬೆಳಕಿನ ಕಣ್ಣನ್ನು ಜೋಡಿಸಿಕೊಳ್ಳಬಹುದು. ಅದನ್ನು ಡಿಜಿಟಲ್ ಕ್ಯಾಮರಾದ ನೆತ್ತಿಗೆ ನೇರವಾಗಿ ಕೂರಿಸಕೂಡದು. ಹಳೆಯ ಕೆಲವು ಫ್ಲ್ಯಾಷುಗಳ ಸಂಪರ್ಕದಲ್ಲಿ 200 ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ. ಕ್ಯಾಮರಾದ ಒಳಗಿನ ಸೂಕ್ಷ್ಮ ವಿದ್ಯುನ್ಮಂಡಲ ಅದನ್ನು ತಾಳದು. ಆಳುಬೆಳಕಾಗಿ ದೂರ ನಿಲ್ಲಿಸಿದಾಗ ಎರಡಕ್ಕೂ ನಡುವೆ ಬೆಳಕಿನದಲ್ಲದೆ ಬೇರೆ ಸಂಬಂಧವಿಲ್ಲ. ಆದುದರಿಂದ ಅಪಾಯವೂ ಇಲ್ಲ.

ಇನ್ನು ಕೆಲಸದ ಕ್ರಮ. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ, ಕಲ್ಲಿಗೆ ನೇರ ಎದುರಾಗಿ ನಿಲ್ಲಿಸುವುದು. ಅದರ ಸ್ವಂತ ಫ್ಲ್ಯಾಷಿನ ಬಲವನ್ನು ಆದಷ್ಟೂ ತಗ್ಗಿಸಿ, ಮುಂದೆ ಒಂದು ರಟ್ಟಿನ ಚೂರನ್ನು ಓರೆಯಾಗಿ ಹಿಡಿದು ಆ ಮಿಂಚು ಕಲ್ಲಿಗೆ ಬೀಳದೆ ಆಳುಬೆಳಕಿನ ಕಡೆಗೆ ಹೋಗುವಂತೆ ಮಾಡುವುದು. ಅದು ಸನ್ನೆಗಷ್ಟೇ ಬೇಕು. ಕಲ್ಲನ್ನು ಬೆಳಗಲು ಬೇಡ. ಆಳುಬೆಳಕಿನ ಕಣ್ಣು ಕ್ಯಾಮರಾದತ್ತ, ಮುಖ ಕಲ್ಲಿನತ್ತ. ತೆರೆದ ಬಿಸಿಲಿನಲ್ಲಿ ಆ ಪುಟ್ಟ ಕಣ್ಣಿಗೆ ಸನ್ನೆ ಸರಿಯಾಗಿ ಕಾಣುವುದಿಲ್ಲ. ತೋಟದ ನೆರಳು ಇಲ್ಲಿ ನಮಗೆ ಅನುಕೂಲವಾಗಿ ಒದಗುತ್ತದೆ.

ದೂರದ ವಿಷಯದಲ್ಲಿ ಎಚ್ಚರ ಬೇಕು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಒಂದು ಮೀಟರ್ ಅಗಲದ ಕಲ್ಲಿಗೆ ಒಂದು ಮೀಟರ್ ದೂರದಿಂದಲೇ ಓರೆಬೆಳಕು ಬಿಟ್ಟರೆ ಹತ್ತಿರದ ಅಂಚಿಗೆ ಸಿಕ್ಕ ಬೆಳಕಿನ ಕಾಲುಭಾಗ ಮಾತ್ರ ಆಚೆಯ ಅಂಚಿಗೆ ಸಿಗುತ್ತದೆ. ಮೂರು ಮೀಟರ್ ದೂರಕ್ಕೆ ಸರಿದರೆ ಆಚೆಯ ಅಂಚಿಗೂ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ; ಚಿತ್ರ ಸಮವಾಗುತ್ತದೆ. ಫ್ಲ್ಯಾಷಿನ ಗೈಡ್ ನಂಬರನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಮಸೂರದ ರಂಧ್ರದ ಸಂಖ್ಯೆ ಬರುತ್ತದೆ. 24ನ್ನು 3ರಿಂದ ಭಾಗಿಸಿದರೆ 8. ಬೆಳಕು ಓರೆಯಾಗಿ ಸವರುವುದರಿಂದ ಇದಕ್ಕಿಂತ ಒಂದೆರಡು ಹಂತ ಹೆಚ್ಚು ತೆರೆಯಬೇಕಾದೀತು. ಡಿಜಿಟಲ್ ಕ್ಯಾಮರಾದ ದೊಡ್ಡ ಉಪಕಾರವೇ ಇದು: ತೆಗೆದ ಚಿತ್ರ ಆ ಕ್ಷಣವೇ ಕಣ್ಣೆದುರಿಗೆ ಬರುತ್ತದೆ, ತಿದ್ದಿಕೊಳ್ಳುವುದಕ್ಕೆ ಖರ್ಚಿಲ್ಲ. ಕ್ಯಾಮರಾದ ಬಾಗಿಲು 200ರಲ್ಲೊಂದು ಸೆಕೆಂಡಿನಷ್ಟು ಮಾತ್ರ ತೆರೆಯುವಂತಿದ್ದರೆ ತೋಟದ ಮಬ್ಬು ಹಗಲು ಚಿತ್ರದೊಳಗೆ ಇಣುಕದು. ಹಗಲನ್ನೇ ಇರುಳು ಮಾಡಿ, ಆ ಇರುಳಿಗೆ ನಮಗೆ ಬೇಕಾದ ದಿಕ್ಕಿನಲ್ಲಿ ಸೂರ್ಯನನ್ನು ಹುಟ್ಟಿಸಿದಂತೆ.

ಒಂದು ಚಿತ್ರ ಮಾತ್ರ ಸಾಲದು. ಎಡದಿಂದ ಬಂದ ಬೆಳಕಿಗೆ ನಿಂತ ಗೆರೆಗಳು ಕಾಣುತ್ತವೆ. ಕನ್ನಡ ಅಕ್ಷರದ ತಲೆಕಟ್ಟಿನಂಥ ಅಡ್ಡಗೆರೆ ಅಡಗುತ್ತದೆ. ಮೇಲಿನಿಂದ ಬೆಳಕು ಬಿಟ್ಟರೆ ತಲೆಕಟ್ಟು ಮೂಡುತ್ತದೆ, ನಿಂತ ಗೆರೆ ಮಾಯ. ನಮ್ಮದು ದುಂಡು ಲಿಪಿ. ಒಂದೊಂದು ಅಕ್ಷರವೂ ಎಲ್ಲ ದಿಕ್ಕಿಗೂ ಹೊರಳುತ್ತದೆ. ಆದ್ದರಿಂದ ಕ್ಯಾಮರಾವನ್ನು ಕದಲಿಸದೆ, ಆಳುಬೆಳಕನ್ನು ಕಲ್ಲಿನ ಸುತ್ತ ಎಂಟು ದಿಕ್ಕಿಗೆ ಸರಿಸುತ್ತ ಎಂಟು ಚಿತ್ರ ತೆಗೆಯಬೇಕು. ಪ್ರತಿಯೊಂದಕ್ಕೂ ಬೆಳಕು ಬಂದ ದಿಕ್ಕನ್ನು ಬರೆದಿಡಬೇಕು. ಬೆಳಕು ಮೇಲಿನಿಂದ ಬರುವುದೆಂದೇ ನಮ್ಮ ಮನಸ್ಸು ಎಣಿಸುತ್ತದೆ. ಕೆಳಗಿನಿಂದ ಬಂದಾಗ ತಗ್ಗು ಉಬ್ಬಾಗಿ ತೋರಿ ಮೋಸಮಾಡುತ್ತದೆ. ಚಿಕ್ಕ ಗೆರೆಯೊಂದು ಇದೆಯೋ ಇಲ್ಲವೋ ಎಂಬುದರ ಮೇಲೆ ಪಕಾರ ಷಕಾರವಾಗುತ್ತದೆ; ಶಕವರ್ಷದ ಒಂದು ಅಂಕಿ ತಪ್ಪಿದರೆ ಸತ್ತವನ ಕಾಲ ನೂರು ವರ್ಷ ಆಚೀಚೆಯಾಗುತ್ತದೆ.

ಮಾರನಹಳ್ಳಿಯ ಆಸುಪಾಸಿನ ಒಂದು ತೋಟದಲ್ಲಿ ನಾನು ಕಂಡ ಮೂರು ಪಟ್ಟಿಕೆಗಳ ವೀರಗಲ್ಲೊಂದನ್ನು ಇಲ್ಲಿ ಹೇಳಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಪಾಚಿಯ ನಡುವೆ ಇಷ್ಟು ಮಾತ್ರ ಕಾಣುತ್ತಿತ್ತು. ಬರಹದ ಸೊಲ್ಲೇ ಇಲ್ಲ. ತೋಟದ ಹಿರಿಯರೊಬ್ಬರು, “ಇದ್ರಾಗೆ ಬರವಣ್ಗೆ ಐತೆ ಅಂತ ನಮ್ ತಾತ ಹೇಳೋರು ಸ್ವಾಮಿ, ನಾವು ಕಂಡಿಲ್ಲ” ಎಂದರು. ಮಧ್ಯಾಹ್ನದ ಮಬ್ಬಿನಲ್ಲೇ ಮೇಲುಗಡೆಯಿಂದ ಓರೆಬೆಳಕು ಬಿಟ್ಟಾಗ ಎರಡು ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಸ್ವಸ್ತಿ ಎಂಬ ಅಕ್ಷರಗಳು ಮೂಡಿದವು. ಬಲಗಡೆಯ ಬೆಳಕಿಗೆ ಮತ್ತೆ ನಾಲ್ಕಾರು ಅಕ್ಷರಗಳು. ಹಿರಿಯರು ಕ್ಯಾಮರಾದ ಪರದೆಯನ್ನೂ ಕಲ್ಲನ್ನೂ ಒಂದರ ಬಳಿಕ ಒಂದನ್ನು ನೋಡಿ, “ಅಲ್ಲೇ ಇತ್ತಾ ಇದು?” ಎಂದರು. “ಅಲ್ಲೇ ಇತ್ತು ಗೌಡರೆ, ನಿಮ್ಮ ತಾತ ಹೇಳಿದ್ದು ದಿಟ” ಎಂದೆ. ಆ ಮನೆಯಲ್ಲಿ ಮೂರು ತಲೆಮಾರು ಬರಿಯ ಮಾತಾಗಿ ಉಳಿದಿದ್ದುದು ಅಂದು ಕಣ್ಣಿಗೆ ಬಿತ್ತು. ವೀರನ ಹೆಸರು ಇರಬೇಕಾದ ಕಡೆ ಕಲ್ಲಿನ ಚಕ್ಕೆಯೇ ಎದ್ದುಹೋಗಿದೆ. ಯಾವ ದಿಕ್ಕಿನ ಬೆಳಕೂ ಅದನ್ನು ತರಲಾರದು. ಬೆಳಕು ಉಳಿದುದನ್ನು ತೋರಿಸುತ್ತದೆ, ಹೋದುದನ್ನು ಹುಟ್ಟಿಸುವುದಿಲ್ಲ. ಅದರ ಪ್ರಾಮಾಣಿಕತೆ ಇರುವುದೇ ಅಲ್ಲಿ.

ಈ ಮಾತನ್ನು ಒತ್ತಿ ಹೇಳಲು ಕಾರಣವುಂಟು. ಅಕ್ಷರ ಕಾಣಲೆಂದು ಅನೇಕರು ಸೀಮೆಸುಣ್ಣದಿಂದ ಗೆರೆ ತುಂಬುತ್ತಾರೆ. ತುಂಬಿದವನ ಊಹೆಯೇ ಮುಂದೆ ನೋಡಿದವರಿಗೆಲ್ಲ ಪಾಠವಾಗಿಬಿಡುತ್ತದೆ. ಆಮ್ಲ ಹಾಕಿ, ತಂತಿಯ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಪಾಚಿಯೊಂದಿಗೆ ಅಕ್ಷರವೂ ಹೋಗುತ್ತದೆ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಶಾಸನಜ್ಞರ ನಂಬಿಕೆಯ ಕ್ರಮ. ಅದಕ್ಕೆ ಪಳಗಿದ ಕೈ ಬೇಕು, ಒಣ ಹವೆ ಬೇಕು. ಪೂಜೆಗೊಳ್ಳುವ ಕಲ್ಲಿಗೆ ಮಸಿ ಒತ್ತಲು ಊರವರು ಒಪ್ಪಲಾರರು; ಒಪ್ಪಬೇಕೆಂದು ಕೇಳುವುದೂ ತರವಲ್ಲ. ಓರೆಬೆಳಕು ಕಲ್ಲನ್ನು ಮುಟ್ಟುವುದೇ ಇಲ್ಲ. ಎಣ್ಣೆ ಸವರಿದ ಕಲ್ಲು ಎದುರುಬೆಳಕಿಗೆ ಕಣ್ಣು ಕೋರೈಸುತ್ತದೆ. ಓರೆಬೆಳಕಿಗೆ ಆ ಹೊಳಪು ಬೇರೆ ಕಡೆ ಹೊರಳಿಹೋಗಿ ಅಕ್ಷರ ಉಳಿಯುತ್ತದೆ.

ಇದೇ ತತ್ತ್ವವನ್ನು ಮುಂದುವರಿಸಿ 2001ರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಸ್‌ಬೆಂಡರ್ ಮತ್ತು ಸಂಗಡಿಗರು, ಹಲವು ದಿಕ್ಕಿನ ಬೆಳಕಿನ ಚಿತ್ರಗಳನ್ನು ಗಣಕದಲ್ಲಿ ಒಂದುಗೂಡಿಸುವ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ನೋಡುಗನೇ ತೆರೆಯ ಮೇಲೆ ಬೆಳಕನ್ನು ಬೇಕಾದತ್ತ ತಿರುಗಿಸಿಕೊಳ್ಳಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸ ಕೈಗೂಡಿದೆ. ಅಂಥ ಯಂತ್ರಗಳು ಎಲ್ಲ ಗುಡ್ಡಕ್ಕೂ ಬೇಗ ಬಂದಾವೆಂದು ಕಾಯುವಂತಿಲ್ಲ. ಒಂದು ಸಾಮಾನ್ಯ ಕ್ಯಾಮರಾ, ಒಂದು ಆಳುಬೆಳಕು, ಒಬ್ಬ ಜೊತೆಗಾರ, ಇಷ್ಟಿದ್ದರೆ ಇಂದೇ ತೊಡಗಬಹುದು. ಕೈಯಲ್ಲಿರುವುದು ಮೊಬೈಲ್ ಫೋನ್ ಮಾತ್ರವೆ? ಅದರ ದೀಪ ಕ್ಸೆನಾನ್ ಮಿಂಚಲ್ಲವಾದ್ದರಿಂದ ಆಳುಬೆಳಕು ಸಾಧಾರಣವಾಗಿ ಅದಕ್ಕೆ ಓಗೊಡದು. ಚಿಂತೆಯಿಲ್ಲ. ಹೊತ್ತು ಮುಳುಗಿದ ಮೇಲೆ ಫೋನನ್ನು ಅಲುಗದಂತೆ ನಿಲ್ಲಿಸಿ, ಜೊತೆಗಾರನ ಕೈಗೆ ಟಾರ್ಚ್ ಕೊಟ್ಟು ಕಲ್ಲಿನ ಪಕ್ಕದಿಂದ ಹಾಯಿಸಿದರೆ ಅದೇ ಫಲ. ಮುಖ್ಯವಾದುದು ಉಪಕರಣವಲ್ಲ, ಬೆಳಕನ್ನು ಕಣ್ಣಿನಿಂದ ಬಿಡಿಸಿ ಪಕ್ಕಕ್ಕೆ ಇಡುವ ವಿವೇಕ.

ತಡಮಾಡಬಾರದೆನ್ನಲು ಕಾರಣವಿದೆ. ಒಂದು ಕಾಲಕ್ಕೆ 48 ಎನಿಸಿ ಈಗ 75 ಎನಿಸಿರುವ ಈ ಹೆದ್ದಾರಿಯನ್ನು ಹಾಸನದಿಂದ ಮಾರನಹಳ್ಳಿಯವರೆಗೆ ನಾಲ್ಕು ಪಥಗಳಾಗಿ ಅಗಲಿಸುವ ಕಾಮಗಾರಿಯಲ್ಲಿ ಈ ಸೀಮೆಯ ನೆಲದ ಆಕಾರವೇ ಬದಲಾಗಿದೆ. ದಾರಿ ಬೇಕು, ಅದರಲ್ಲಿ ನನಗೆ ವಾದವಿಲ್ಲ. ಗುಡ್ಡ ಕಡಿಯುವ ಯಂತ್ರಕ್ಕೆ ಚಪ್ಪಡಿಗೂ ಶಾಸನಕ್ಕೂ ಭೇದ ತಿಳಿಯದು. ತೋಟಗಳು ಕೈ ಬದಲಾಗುತ್ತವೆ. ಹೊಸ ಒಡೆಯನಿಗೆ ಮೂಲೆಯ ಕಲ್ಲಿನ ಕಥೆ ತಿಳಿದಿರುವುದಿಲ್ಲ. ನಿಧಿಯ ಆಸೆಗೆ ಕಲ್ಲು ಕೀಳುವವರೂ ಇದ್ದಾರೆ. ಇವೆಲ್ಲಕ್ಕೂ ಮೇಲಾಗಿ ಮಳೆ ಇದೆ. ಅದು ಯಾರನ್ನೂ ಕೇಳದೆ ವರ್ಷಕ್ಕಿಷ್ಟರಂತೆ ಅಳಿಸುತ್ತಲೇ ಇದೆ. ಅರ್ಧ ಮಿಲಿಮೀಟರ್ ಇರುವಾಗ ಓರೆಬೆಳಕು ಓದಿಸಬಲ್ಲದು. ಅದೂ ಸವೆದ ಮೇಲೆ ಓದಿಸುವ ಬೆಳಕಿಲ್ಲ.

ಆದ್ದರಿಂದ ಹಾಸನದಲ್ಲೋ ಸಕಲೇಶಪುರದಲ್ಲೋ ಕ್ಯಾಮರಾ ಹಿಡಿದು ಜಲಪಾತದ, ಮಂಜಿನ ಚಿತ್ರಕ್ಕಾಗಿ ಗುಡ್ಡ ಹತ್ತುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಚೀಲದಲ್ಲಿ ಒಂದು ಆಳುಬೆಳಕಿಗೆ ಜಾಗವಿರಲಿ. ದಾರಿಯಲ್ಲಿ ಕಲ್ಲೊಂದು ಕಂಡರೆ ತೋಟದವರ ಒಪ್ಪಿಗೆ ಪಡೆದು, ಅಳತೆಗೋಲೊಂದನ್ನು ಪಕ್ಕದಲ್ಲಿಟ್ಟು, ಎಂಟು ದಿಕ್ಕಿನ ಎಂಟು ಚಿತ್ರ ತೆಗೆಯಿರಿ. ಊರು, ದಿನ, ಕಲ್ಲು ಮುಖಮಾಡಿದ ದಿಕ್ಕು, ಇಷ್ಟನ್ನು ಬರೆದು ಶಾಸನ ಬಲ್ಲವರಿಗೂ ಪುರಾತತ್ತ್ವ ಇಲಾಖೆಗೂ ಒಂದೊಂದು ಪ್ರತಿ ತಲುಪಿಸಿ. ಓದುವ ಭಾರ ಅವರದು. ಕಲ್ಲನ್ನು ಕದಲಿಸಬೇಡಿ, ಅದು ನಿಂತ ನೆಲವೂ ಅದರ ಮಾತಿನ ಒಂದು ಭಾಗ. ಮುಂದಿನ ಮಳೆಗಾಲದೊಳಗೆ ಒಬ್ಬೊಬ್ಬರು ಒಂದೊಂದು ಕಲ್ಲನ್ನು ಹೀಗೆ ಉಳಿಸಿಕೊಟ್ಟರೂ ಹೆಸರು ಮಾಸುತ್ತಿರುವ ಎಷ್ಟೋ ಆಳುಗಳ ಋಣ ನಮ್ಮ ಮೇಲಿಂದ ಸ್ವಲ್ಪ ಇಳಿದೀತು.

(ಬಾನುಲಿ ಭಾಷಣ)